ಪ್ರಿಸ್ಟೇನ್ ಚುಚ್ಚಿದ ಇಲಿಗೆ ಪ್ಲಾಸ್ಮಾ ಕೋಶದ ಗಡ್ಡೆ ಬರುವುದು ಹೇಗೆ?

ಪ್ರಿಸ್ಟೇನ್ ಬರೀ ಎಣ್ಣೆ, ಡಿಎನ್‌ಎ ಕೆಡಿಸುವ ವಿಷವಲ್ಲ, ಆದರೂ ಇಲಿಗಳಿಗೆ ಕ್ಯಾನ್ಸರ್ ಹೇಗೆ ಬರುತ್ತದೆ ಎಂದು ಕೇಳಿದ್ದೀರಿ. ಮುಂದಿನ ತಿಂಗಳು ಇಂಥದೇ ಲ್ಯಾಬ್ ಸೇರುತ್ತಿದ್ದೀರಿ ಎಂದೂ ಬರೆದಿದ್ದೀರಿ. ಈ ಇಲಿಗಳ ಜೊತೆ ಕೆಲವು ವರ್ಷ ಕೆಲಸ ಮಾಡಿದವಳು ನಾನು. ಕಣ್ಣಾರೆ ಕಂಡದ್ದರಿಂದಲೇ ಶುರು ಮಾಡುತ್ತೇನೆ.

ಎಣ್ಣೆ ಚುಚ್ಚಿ ಕೆಲವು ತಿಂಗಳಾದ ಇಲಿಯ ಹೊಟ್ಟೆ ತೆರೆದರೆ, ಕರುಳನ್ನು ಹಿಡಿದಿರುವ ತೆಳುಪೊರೆಯ ತುಂಬ ಮರಳು ಅಂಟಿದ ಹಾಗೆ ಬಿಳಿ ಗಂಟುಗಳು ಕಾಣುತ್ತವೆ. ಅವುಗಳೊಳಗೆ ಎಣ್ಣೆಯ ಹನಿಗಳು, ಹನಿಯ ಸುತ್ತ ಮ್ಯಾಕ್ರೋಫೇಜ್‌ಗಳ, ಅಂದರೆ ಹೊರವಸ್ತು ನುಂಗುವ ರಕ್ಷಣಾ ಕೋಶಗಳ ಮುತ್ತಿಗೆ. ಇಲಿಯ ದೇಹ ಆ ಎಣ್ಣೆಯನ್ನು ಕರಗಿಸಲೂ ಆರದು, ಹೊರಹಾಕಲೂ ಆರದು. ಹಾಗಾಗಿ ಉರಿಯೂತ ತಿಂಗಳುಗಟ್ಟಲೆ ಆರುವುದೇ ಇಲ್ಲ. ಕೇಡೆಲ್ಲ ಇರುವುದು ಅಲ್ಲೇ. ಆ ಕೋಶಗಳು ಐಎಲ್-6 ಎಂಬ ಪ್ರೋಟೀನ್ ಸುರಿಸುತ್ತಲೇ ಇರುತ್ತವೆ, ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶ ಬದುಕುಳಿದು ಹೆಚ್ಚುವುದು ಅದರ ಬಲದಿಂದ. ಐಎಲ್-6 ಜೀನ್ ತೆಗೆದುಹಾಕಿದ ಇಲಿಗಳಿಗೆ ಇದೇ ಎಣ್ಣೆ ಚುಚ್ಚಿ ನೋಡಿದಾಗ ಗಡ್ಡೆ ಬರಲಿಲ್ಲ. ಉರಿಯೂತ ತಗ್ಗಿಸುವ ಇಂಡೊಮೆಥಾಸಿನ್ ಕೊಟ್ಟಾಗಲೂ ಗಡ್ಡೆಗಳು ಕಡಿಮೆಯಾದವು.

ಡಿಎನ್‌ಎ ಕೆಡುವುದೂ ನಿಜ, ಆದರೆ ಕತ್ತರಿ ಎಣ್ಣೆಯದಲ್ಲ. ಪ್ರತಿಕಾಯದ ಬಗೆ ಬದಲಿಸಲು ಬಿ ಕೋಶ (ಪ್ಲಾಸ್ಮಾ ಕೋಶವಾಗಿ ಬೆಳೆಯುವುದು ಇದೇ) ತನ್ನ ಡಿಎನ್‌ಎಯನ್ನು ತಾನೇ ಕತ್ತರಿಸಿ ಜೋಡಿಸಿಕೊಳ್ಳುತ್ತದೆ. ಒಮ್ಮೊಮ್ಮೆ ಜೋಡಣೆ ತಪ್ಪಿ, 15ನೇ ಕ್ರೋಮೋಸೋಮಿನಲ್ಲಿರುವ, ಕೋಶ ಬೆಳೆದು ವಿಭಜಿಸುವಂತೆ ಮಾಡುವ ಮಿಕ್ ಜೀನ್ 12ನೆಯದರಲ್ಲಿರುವ ಪ್ರತಿಕಾಯ ಜೀನಿನ ಪಕ್ಕ ಹೋಗಿ ಕೂರುತ್ತದೆ. ಆಮೇಲೆ ಮಿಕ್‌ಗೆ ಕಡಿವಾಣವಿಲ್ಲ. ಈ ಗಡ್ಡೆಗಳಲ್ಲಿ ಬಹುಪಾಲಿನಲ್ಲಿ ಕಾಣುವುದು ಇದೇ ಅದಲುಬದಲು.

ಎಲ್ಲ ತಳಿಗೂ ಹೀಗಾಗುವುದಿಲ್ಲ. ಬಾಲ್ಬ್/ಸಿ ಸುಲಭವಾಗಿ ತುತ್ತಾಗುತ್ತದೆ, ಡಿಬಿಎ/2 ತಡೆದುಕೊಳ್ಳುತ್ತದೆ.

1959ರಲ್ಲಿ ಮರ್ವಿನ್ ಮತ್ತು ಆಲ್ಜೈರ್ ಎಂಬ ವಿಜ್ಞಾನಿಗಳು ಇಲಿಗಳ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಕೋಣೆಗಳನ್ನಿಟ್ಟಾಗ ಇಂಥ ಗಡ್ಡೆಗಳು ಕಂಡವು. 1962ರಲ್ಲಿ ಮೈಕೆಲ್ ಪಾಟರ್ ಮತ್ತು ಬಾಯ್ಸ್ ಮಿನರಲ್ ಆಯಿಲ್‌ನಿಂದ ಬರಿಸಿದರು, ಪ್ರಿಸ್ಟೇನ್ ಬಂದದ್ದು 1969ರಲ್ಲಿ. ಪಾಟರ್ ತಮ್ಮ ಗಡ್ಡೆಗಳನ್ನು ಕೇಳಿದವರಿಗೆಲ್ಲ ಹಂಚಿದರು. ನನಗೆ ಅವರ ಬಗ್ಗೆ ಬಹಳ ಗೌರವ ಇರುವುದು ಇದಕ್ಕೇ. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಮೊನೊಕ್ಲೋನಲ್ ಪ್ರತಿಕಾಯ (ಒಂದೇ ಕೋಶದ ಸಂತತಿ ತಯಾರಿಸುವ ಒಂದೇ ಬಗೆಯ ಪ್ರತಿಕಾಯ) ತಯಾರಿಸಿದ್ದು ಮೋಪ್ಸಿ-21 ಎಂಬ ಅಂಥದೇ ಗಡ್ಡೆಯ ಕೋಶಗಳಿಂದ.

ಒಂದು ಎಚ್ಚರಿಕೆ: ಇದನ್ನು ಮನುಷ್ಯರ ಪ್ಲಾಸ್ಮಾ ಕೋಶದ ಕ್ಯಾನ್ಸರ್ ಆದ ಮೈಲೋಮಾದ ಪಡಿಯಚ್ಚು ಎಂದುಕೊಳ್ಳಬೇಡಿ. ನಮ್ಮಲ್ಲಿ ಅದು ಮೂಳೆಮಜ್ಜೆಯ ಕಾಯಿಲೆ, ಇಲ್ಲಿ ಗಡ್ಡೆ ಹೊಟ್ಟೆಯೊಳಗೆ.

ಲ್ಯಾಬ್ ಸೇರಿದ ಮೇಲೆ ಇಲಿಗಳನ್ನು ತಪ್ಪದೆ ತೂಗಿ, ಹೊಟ್ಟೆ ಮುಟ್ಟಿ ನೋಡಿ. ನೀರು ತುಂಬಿ ಹೊಟ್ಟೆ ಬಿಗಿದಿದ್ದರೆ, ಕೂದಲು ನಿಮಿರಿ ಮೂಲೆ ಹಿಡಿದು ಕೂತಿದ್ದರೆ, ನಾಳೆಗೆಂದು ಬಿಡದೆ ಅವತ್ತೇ ಮೇಲಿನವರಿಗೆ ಹೇಳಿ.