ಜುಟ್ಟಿನ ತುದಿಯಲ್ಲಿರುವುದು ಯಾವ ಕೂದಲು?

ನಮಸ್ಕಾರ,

‘ಉದ್ದ ಹೋಗದಂತೆ ಮನೆಯಲ್ಲೇ ಲೇಯರ್ ಟ್ರಿಮ್’ ಎಂಬ ನಿಮ್ಮ ಬರಹ ಓದಿದೆ. ಲೇಯರ್, ಅಂದರೆ ಮೇಲಿನದು ಗಿಡ್ಡ, ಕೆಳಗಿನದು ಉದ್ದ ಇರುವಂತೆ ಹಂತ ಹಂತವಾಗಿ ಕತ್ತರಿಸಿದ ಕೂದಲನ್ನು ಮನೆಯಲ್ಲೇ ಟ್ರಿಮ್ ಮಾಡುವುದನ್ನು ಹೇಳಿಕೊಟ್ಟಿದ್ದೀರಿ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಭಾಷೆ ಚೆನ್ನಾಗಿಲ್ಲ ಅಂತಲ್ಲ. ನಿಮ್ಮ ಮಾತು ನಂಬಿ ಕತ್ತರಿ ಹಿಡಿದವರಲ್ಲಿ ಕೆಲವರಿಗೆ ಉದ್ದವೇ ಮೊದಲು ಹೋಗುತ್ತದೆ. ಆದರೆ ತಿದ್ದಿದರೆ ಇದು ಒಳ್ಳೆಯ ಬರಹ ಆಗುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನೀವು ಹೇಳಿರುವ ವಿಧಾನ ಹೀಗಿದೆ: ತಲೆ ಬಗ್ಗಿಸಿ, ಕೂದಲನ್ನೆಲ್ಲ ಮುಂದಕ್ಕೆ ಬಾಚಿ, ಹಣೆಯ ಮೇಲೆ ಒಂದು ಜುಟ್ಟು ಕಟ್ಟಬೇಕು. ರಬ್ಬರ್ ಬ್ಯಾಂಡನ್ನು ತುದಿಯ ಹತ್ತಿರಕ್ಕೆ ಜಾರಿಸಿ, ಅದರಾಚೆ ಉಳಿದ 2 ಸೆಂ.ಮೀ. ಕತ್ತರಿಸಬೇಕು. ಬಹಳ ಜನ ಮಾಡುವ ವಿಧಾನವೇ ಇದು. ಆದರೆ ಇದರಿಂದ ಲೇಯರ್ ಹೇಗೆ ಬರುತ್ತದೆ ಎಂದು ನೀವು ಒಂದು ಸಾಲೂ ಬರೆದಿಲ್ಲ. ಅದನ್ನು ಬರೆಯಲು ಕೂತಿದ್ದರೆ ತಪ್ಪು ನಿಮಗೇ ಕಾಣುತ್ತಿತ್ತು.

ಹಣೆಯ ಪಕ್ಕದ ಎಳೆ ಜುಟ್ಟಿಗೆ ಬರಲು ದೂರ ಸಾಗಬೇಕಿಲ್ಲ. ಕತ್ತಿನ ಹಿಂದಿನ ಎಳೆ ಇಡೀ ತಲೆ ದಾಟಿ ಬರಬೇಕು. ಆದ್ದರಿಂದ ಎಲ್ಲವನ್ನೂ ಒಂದೇ ಕಡೆ ಕತ್ತರಿಸಿದರೂ ಮುಂದಿನದು ಗಿಡ್ಡವಾಗುತ್ತದೆ, ಹಿಂದಿನದು ಉದ್ದ ಉಳಿಯುತ್ತದೆ. ಲೇಯರ್ ಹುಟ್ಟುವುದು ಹೀಗೆ. ಇದುವರೆಗೆ ಲೇಯರ್ ಇಲ್ಲದ, ಕೆಳಗೆ ಒಂದೇ ಸಮ ಕತ್ತರಿಸಿದ ಕೂದಲಿಗೆ ಇದು ಚೆನ್ನಾಗಿ ಹೊಂದುತ್ತದೆ. ಅಂಥ ತಲೆಯಲ್ಲಿ ಹಣೆ ಮತ್ತು ನೆತ್ತಿಯ ಎಳೆಗಳು ಮಾತ್ರ ಜುಟ್ಟಿನ ತುದಿ ಮುಟ್ಟುತ್ತವೆ. ಹಿಂದಿನವು ಅಲ್ಲಿಗೆ ಬರುವುದೇ ಇಲ್ಲ. ಸ್ವಲ್ಪ ಕತ್ತರಿಸಿದರೆ ಉದ್ದಕ್ಕೆ ಏನೂ ಆಗುವುದಿಲ್ಲ.

ಆದರೆ ನೀವು ಬರೆದಿರುವುದು ಆಗಲೇ ಲೇಯರ್ ಇರುವವರಿಗೆ, ಅಲ್ವಾ? ಅವರ ತಲೆಯ ಲೆಕ್ಕವೇ ಬೇರೆ. ಒಬ್ಬರ ನೆತ್ತಿಯ ಎಳೆ 20 ಸೆಂ.ಮೀ., ಕತ್ತಿನ ಹಿಂದಿನ ಎಳೆ 60 ಸೆಂ.ಮೀ. ಇದೆ ಎಂದುಕೊಳ್ಳಿ. ಕತ್ತಿನಿಂದ ತಲೆ ಸುತ್ತಿ ಹಣೆಗೆ ಬರಲು 30 ಸೆಂ.ಮೀ. ಹೋಯಿತು ಅನ್ನಿ. ಆದರೂ ಆ ಎಳೆ ಜುಟ್ಟಿನಲ್ಲಿ ಇನ್ನೂ 30 ಸೆಂ.ಮೀ. ಚಾಚಿರುತ್ತದೆ. ನೆತ್ತಿಯ ಎಳೆ ಹಣೆಯವರೆಗೆ ಬರುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ. ಅಂದರೆ ಜುಟ್ಟಿನ ತುದಿಯಲ್ಲಿ ಉಳಿಯುವುದು ಬರೀ ಹಿಂದಿನ ಕೂದಲು. ನೀವು ಹೇಳಿದ 2 ಸೆಂ.ಮೀ. ನೇರವಾಗಿ ಉದ್ದದಿಂದಲೇ ಹೋಗುತ್ತದೆ. ಟ್ರಿಮ್ ಆಗಬೇಕಿದ್ದ ಲೇಯರ್ ಹಾಗೇ ಕೂತಿರುತ್ತದೆ.

ಎಲ್ಲರಿಗೂ ಹೀಗಾಗುವುದಿಲ್ಲ. ಲೇಯರ್‌ಗಳ ನಡುವೆ ಅಂತರ ಕಡಿಮೆ ಇದ್ದವರಿಗೆ ಮುಂದಿನ ಎಳೆಗಳೇ ತುದಿಗೆ ಬರಬಹುದು. ಅವರಿಗೆ ಉದ್ದ ಉಳಿಯುತ್ತದೆ, ಮುಖದ ಪಕ್ಕದ್ದು ಬೇಡದಿದ್ದರೂ ಗಿಡ್ಡವಾಗುತ್ತದೆ. ತಮ್ಮದು ಯಾವ ಬಗೆ ಎಂದು ಓದುಗರಿಗೆ ಹೇಗೆ ತಿಳಿಯಬೇಕು? ಒಂದು ಸುಲಭ ಪರೀಕ್ಷೆ ಇದೆ. ಜುಟ್ಟು ಕಟ್ಟಿದ ಮೇಲೆ ತುದಿಯ ಎಳೆಗಳನ್ನು ಮಾತ್ರ ಬೆರಳಲ್ಲಿ ಬಿಗಿಯಾಗಿ ಹಿಡಿದು ಬ್ಯಾಂಡ್ ಬಿಚ್ಚಲಿ. ಉಳಿದದ್ದು ಕೆಳಗೆ ಬೀಳುತ್ತದೆ. ಕೈಯಲ್ಲಿ ಉಳಿದ ಎಳೆಗಳು ತಲೆಯ ಯಾವ ಭಾಗದಿಂದ ಬಂದಿವೆ ನೋಡಲಿ. ಕತ್ತಿನ ಹಿಂದಿನಿಂದ ಬಂದಿದ್ದರೆ ಈ ವಿಧಾನ ಅವರಿಗಲ್ಲ. ನಿಮ್ಮ ಬರಹದಲ್ಲಿ ಇದಕ್ಕೊಂದು ಪ್ಯಾರಾ ಬೇಕೇ ಬೇಕು.

ಹಾಗಾದರೆ ಅಂಥವರು ಏನು ಮಾಡಬೇಕು? ಉದ್ದದ ಕೂದಲು ಕತ್ತರಿಯ ಹತ್ತಿರವೇ ಬರಬಾರದು. ಹಿಂದೆ ಕಿವಿಯಿಂದ ಕಿವಿಗೆ ಅಡ್ಡ ಬೈತಲೆ ತೆಗೆದು, ಕೆಳಗಿನದನ್ನು ಜಡೆ ಹೆಣೆದು ಪಕ್ಕಕ್ಕಿಡುವುದು ಮೊದಲ ಕೆಲಸ. ಮೇಲೆ ಉಳಿದದ್ದನ್ನು ಎರಡು ಬೆರಳಗಲದ ಸಣ್ಣ ಭಾಗಗಳಾಗಿ ತೆಗೆದುಕೊಂಡು, ತಲೆಯಿಂದ ನೇರವಾಗಿ ಹೊರಕ್ಕೆ ಎಳೆದು ಹಿಡಿದರೆ ಹಳೆಯ ಕಟ್ ಎಲ್ಲಿ ಮುಗಿದಿದೆ ಎಂದು ಕಾಣುತ್ತದೆ. ಅಲ್ಲಿಂದ 3–5 ಮಿ.ಮೀ. ಸಾಕು. ಈ ಭಾಗದಲ್ಲೂ ಉದ್ದದ ಎಳೆಗಳು ಸೇರಿಕೊಂಡಿದ್ದರೆ ಅವನ್ನು ಬಿಟ್ಟುಬಿಡಬೇಕು. ಹೊಸ ಆಕಾರ ಕೊಡಲು ಹೋಗಬಾರದು. ಪಾರ್ಲರ್‌ನಲ್ಲಿ ಕತ್ತರಿಸಿದವರು ಬಿಟ್ಟುಹೋದ ಗೆರೆಯೇ ದಾರಿ, ಅದನ್ನು ಹಿಡಿದು ಹೋದರೆ ಸಾಕು. ಕತ್ತರಿಯನ್ನು ಅಡ್ಡ ಇಡದೆ, ಮೊನೆ ಕೂದಲಿನ ಉದ್ದಕ್ಕೆ ಇರುವಂತೆ ಹಿಡಿದು ಚೂರು ಚೂರೇ ಕತ್ತರಿಸಿದರೆ ಸಣ್ಣಪುಟ್ಟ ಏರುಪೇರು ಎದ್ದು ಕಾಣುವುದಿಲ್ಲ. ಅಡ್ಡ ಕತ್ತರಿಸಿದರೆ ಮೆಟ್ಟಿಲು ಬೀಳುತ್ತದೆ. (ತಲೆಯ ಹಿಂದೆ ಇದನ್ನು ಮಾಡುವುದು ಸುಲಭ ಎಂದು ಬರೆದಿದ್ದೀರಿ. ಎರಡು ಕನ್ನಡಿ ಇಟ್ಟುಕೊಂಡು ಪ್ರಯತ್ನಿಸಿದವರಿಗೆ ಗೊತ್ತು, ಕೈ ಎಡಕ್ಕೆ ಹೋಗು ಅಂದರೆ ಬಲಕ್ಕೆ ಹೋಗುತ್ತದೆ. ಹಿಂಭಾಗಕ್ಕೆ ಇನ್ನೊಬ್ಬರ ಕೈ ಕೇಳಿ ಎಂದು ಬರೆದರೆ ಯಾವ ಅವಮಾನವೂ ಇಲ್ಲ.)

ಇನ್ನೊಂದು ವಿಷಯ. ತುದಿ ಸೀಳಿದ ಕೂದಲನ್ನು ಮಾತ್ರ ತೆಗೆಯುವ ವಿಧಾನವನ್ನು ಕೊನೆಯಲ್ಲಿ ‘ಇನ್ನೊಂದು ಉಪಾಯ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಕೇಳಿದರೆ ಅದೇ ಬರಹದ ಮೊದಲ ಭಾಗ ಆಗಬೇಕು. ಉದ್ದ ಹೋಗಬಾರದು ಎಂದು ಹಟ ಹಿಡಿದವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಅಷ್ಟೇ. ತೆಳುವಾದ ಒಂದು ಎಳೆಗುಂಪನ್ನು ಹಗ್ಗದಂತೆ ತಿರುಚಿದರೆ ಸೀಳಿದ ಮತ್ತು ಗಿಡ್ಡ ತುದಿಗಳು ಹೊರಗೆ ಚಾಚಿಕೊಳ್ಳುತ್ತವೆ. ಅವುಗಳಲ್ಲಿ ಸೀಳಿದ್ದನ್ನು ಮಾತ್ರ, ಸೀಳಿಗಿಂತ ಚೂರು ಮೇಲೆ ಕತ್ತರಿಸಬೇಕು. ಸೀಳಿನ ಮೇಲೇ ಕತ್ತರಿಸಿದರೆ ಉಳಿದ ಸೀಳು ಮೇಲಕ್ಕೆ ಹರಿಯುತ್ತದೆ. ಇದಕ್ಕೆ ಸಮಯ ಬಹಳ ಹಿಡಿಯುತ್ತದೆ, ಬೇಜಾರೂ ಆಗುತ್ತದೆ. ಅದನ್ನೂ ಮುಚ್ಚಿಡದೆ ಬರೆಯಿರಿ. ‘ಹತ್ತೇ ನಿಮಿಷ’ ಎಂಬ ಮಾತು ತೆಗೆಯಿರಿ.

ಈಗ ಬರಹದ ಕ್ರಮಕ್ಕೆ ಬರುತ್ತೇನೆ. ‘ಒದ್ದೆ ಕೂದಲು ಒಣಗಿದ ಮೇಲೆ ಮೇಲಕ್ಕೆ ಹೋಗುತ್ತದೆ, ಎಚ್ಚರ’ ಎಂದು ನೀವು ಬರೆದಿರುವುದು ಕತ್ತರಿಸಿ ಮುಗಿದ ಮೇಲಿನ ಪ್ಯಾರಾದಲ್ಲಿ! ಇಂಥ ಬರಹವನ್ನು ಜನ ಮೊದಲು ಪೂರ್ತಿ ಓದಿ ಆಮೇಲೆ ಎದ್ದು ಹೋಗುವುದಿಲ್ಲ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕತ್ತರಿ ಇರುತ್ತದೆ. ಒಂದು ಸಾಲು ಓದುತ್ತಾರೆ, ಅದನ್ನು ಮಾಡುತ್ತಾರೆ. ಹಾಗಾಗಿ ಎಚ್ಚರಿಕೆಯ ಮಾತು ಕೆಲಸಕ್ಕಿಂತ ಮೊದಲು ಬರಬೇಕು. ಒದ್ದೆ ಕೂದಲನ್ನು ಎಳೆದರೆ ನೂರಕ್ಕೆ 30ರಷ್ಟು ಹಿಗ್ಗಬಲ್ಲದು. ಬಾಚಣಿಗೆಯಲ್ಲಿ ಬಿಗಿಯಾಗಿ ಎಳೆದು ಹಿಡಿದು 1 ಸೆಂ.ಮೀ. ಕತ್ತರಿಸಿದವರಿಗೆ ಒಣಗಿದ ಮೇಲೆ ಅದಕ್ಕಿಂತ ಜಾಸ್ತಿ ಹೋದಂತೆ ಕಾಣುತ್ತದೆ. ಗುಂಗುರು ಕೂದಲಿಗಂತೂ ಇದು ಇನ್ನೂ ಹೆಚ್ಚು. ಮನೆಯಲ್ಲಿ ಕತ್ತರಿಸುವವರು ಒಣಗಿದ, ಸಿಕ್ಕು ಬಿಡಿಸಿದ ಕೂದಲನ್ನೇ ಕತ್ತರಿಸಲಿ ಎಂದು ಆರಂಭದಲ್ಲೇ ಹೇಳಿಬಿಡಿ.

‘ಸ್ವಲ್ಪ’ ಎಂಬ ಮಾತು ಬರಹದ ತುಂಬ ಇದೆ. ಸ್ವಲ್ಪ ಕೂದಲು, ಸ್ವಲ್ಪ ಎತ್ತಿ, ಸ್ವಲ್ಪ ಕತ್ತರಿಸಿ. ಕತ್ತರಿ ಹಿಡಿದವರಿಗೆ ಅಳತೆ ಬೇಕು. ಮಿಲಿಮೀಟರಿನಲ್ಲಿ ಹೇಳಿ, ಇಲ್ಲವೇ ಬೆರಳಗಲದಲ್ಲಿ ಹೇಳಿ.

ಎರಡು ಸಾಲು ಪೂರ್ತಿ ಹೊಡೆದುಹಾಕಿದ್ದೇನೆ. ‘ಆಗಾಗ ಟ್ರಿಮ್ ಮಾಡಿದರೆ ಕೂದಲು ಬೇಗ ಬೆಳೆಯುತ್ತದೆ’ ಎಂಬುದು ಸರಿಯಲ್ಲ. ಕೂದಲು ಬೆಳೆಯುವುದು ಬುಡದಲ್ಲಿ. ತುದಿಗೆ ಕತ್ತರಿ ಬಿದ್ದದ್ದು ಬುಡಕ್ಕೆ ಗೊತ್ತಾಗುವುದಿಲ್ಲ. ತುದಿ ಸೀಳಿ ತುಂಡಾಗುವುದು ತಪ್ಪಿದರೆ ಇದ್ದ ಉದ್ದ ಉಳಿಯುತ್ತದೆ, ಅಷ್ಟೇ. ಸಾಮಾನ್ಯವಾಗಿ ತಿಂಗಳಿಗೆ ಬೆಳೆಯುವುದು 1 ಸೆಂ.ಮೀ. ಆಸುಪಾಸು. ಆ ಅಂಕಿಯನ್ನು ಹೇಳಿ. 3 ಸೆಂ.ಮೀ. ತಪ್ಪಿ ಹೋದರೆ ಮೂರು ತಿಂಗಳು ಕಾಯಬೇಕು ಎಂದು ಗೊತ್ತಾದರೆ ಕೈ ತಾನಾಗೇ ಹಿಡಿತಕ್ಕೆ ಬರುತ್ತದೆ. ಇನ್ನೊಂದು, ‘ಮನೆಯಲ್ಲಿರುವ ಯಾವ ಕತ್ತರಿಯಾದರೂ ಸರಿ’. ಖಂಡಿತ ಸರಿಯಲ್ಲ. ಕಾಗದ ಕತ್ತರಿಸಿ ಮೊಂಡಾದ ಕತ್ತರಿ ಕೂದಲನ್ನು ಕತ್ತರಿಸುವ ಮೊದಲು ಬಗ್ಗಿಸಿ ಜಜ್ಜುತ್ತದೆ. ಆ ತುದಿಯೇ ಮತ್ತೆ ಬೇಗ ಸೀಳುತ್ತದೆ. ಕೂದಲಿಗೆಂದೇ ಬರುವ ಕತ್ತರಿ ಬೇಕು, ಅದನ್ನು ಬೇರೆ ಯಾವುದಕ್ಕೂ ಬಳಸಬಾರದು.

ಪೀಠಿಕೆಯ ಎರಡು ಪ್ಯಾರಾ ಬೇಡ. ಕೇಶರಾಶಿ ಹೆಣ್ಣಿನ ಸೌಂದರ್ಯಕ್ಕೆ ಕಿರೀಟ ಇತ್ಯಾದಿ ಸುಮ್ನೆ ಜಾಗ ತಿನ್ನುತ್ತದೆ. ಲೇಯರ್ ಗಂಡಸರಿಗೂ ಇರುತ್ತದೆ. ಅದರ ಬದಲು ಮೂರನೇ ಪುಟದಲ್ಲಿ ನೀವು ಬರೆದಿರುವ ‘ಒಂದು ಕಡೆ ಸರಿ ಮಾಡಲು ಹೋಗಿ ಇನ್ನೊಂದು ಕಡೆ, ಅದನ್ನು ಸರಿ ಮಾಡಲು ಹೋಗಿ ಮತ್ತೆ ಈ ಕಡೆ’ ಎಂಬ ಭಾಗ ಇದೆಯಲ್ಲ, ಅದು ಇಡೀ ಬರಹದಲ್ಲಿ ಜೀವ ಇರುವ ಜಾಗ. ಉದ್ದ ಕಳೆದುಕೊಳ್ಳುವ ಇನ್ನೊಂದು ದಾರಿಯೂ ಅದೇ. ಅದನ್ನು ಮೊದಲಿಗೆ ತನ್ನಿ. ಜೊತೆಗೆ ಪರಿಹಾರವನ್ನೂ ಸೇರಿಸಿ: ಎರಡೂ ಬದಿಯ ಎಳೆಗಳನ್ನು ಗಲ್ಲದ ಕೆಳಗೆ ಒಟ್ಟಿಗೆ ತಂದು ತುದಿ ಹೋಲಿಸಿ ನೋಡುವುದು, ವ್ಯತ್ಯಾಸ ಕಡಿಮೆ ಇದ್ದರೆ ಕತ್ತರಿ ಕೆಳಗಿಟ್ಟು ಮಾರನೇ ದಿನ ಮತ್ತೆ ನೋಡುವುದು.

ತಿದ್ದಿದ ಪ್ರತಿ ಕಳಿಸಿ, ಓದುತ್ತೇನೆ. ಅಡ್ಡ ಬೈತಲೆ ಎಲ್ಲಿ ತೆಗೆಯಬೇಕು, ಯಾವ ಭಾಗವನ್ನು ಜಡೆ ಹಾಕಿ ಬಿಡಬೇಕು ಎಂಬುದಕ್ಕೆ ಒಂದು ಚಿತ್ರ ಬೇಕಾಗುತ್ತದೆ. ಪೆನ್ಸಿಲ್‌ನಲ್ಲಿ ಗೀಚಿ ಕಳಿಸಿದರೂ ಸಾಕು, ನಮ್ಮ ಕಲಾವಿದರು ಅದನ್ನು ಸರಿಯಾಗಿ ಬರೆದುಕೊಡುತ್ತಾರೆ.

ಇಂತಿ,
ಸಂಪಾದಕ