“ನೋಡಿಲ್ಲ” ಎಂದ ಹುಡುಗ

ಹುಡುಗನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕಲಿತು ವಿಶ್ವವಿದ್ಯಾಲಯ ಸೇರಿದ ಮಕ್ಕಳು ಹೆಚ್ಚಾಗಿ ಒಂದೇ ದೂರು ಹೊತ್ತು ನನ್ನ ಹತ್ತಿರ ಬರುತ್ತಾರೆ. ಪಾಠ ಇಂಗ್ಲಿಷ್‌ನಲ್ಲಿ, ಹಾಸ್ಟೆಲಿನ ಮಾತು ಮಲಯಾಳದಲ್ಲಿ, ಮನೆಯಲ್ಲಿ ತುಳು. ಧೈರ್ಯವಾಗಿ ಬರೆಯಲು ಬರುವುದು ಕನ್ನಡ ಮಾತ್ರ. ಇವನೂ ಹಾಗೇ ಬಂದ. ಬಿಎಸ್ಸಿಯಲ್ಲಿ ಸಸ್ಯಶಾಸ್ತ್ರ ಓದಿ, ಒಂದು ಸರಕಾರಿ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನದ ಎಂಎಸ್ಸಿ ಮಾಡುತ್ತಿದ್ದ. “ಟಿ.ಸಿ. ತೆಗೆದುಕೊಳ್ಳುತ್ತೇನೆ ಟೀಚರ್, ಇಂಗ್ಲಿಷ್ ನನ್ನಿಂದ ಆಗುವುದಿಲ್ಲ” ಎಂದ.

ಎರಡು ಸಲ ಇಂಗ್ಲಿಷ್ ಬಗ್ಗೆಯೇ ಮಾತಾಡಿದೆವು. ಮೂರನೇ ಸಲ ನಾನು ಸುಮ್ನೆ ಕೇಳಿದೆ, “ಬಿಡಬೇಕು ಅಂತ ಮೊದಲು ಅನಿಸಿದ್ದು ಯಾವತ್ತು?”

ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ. “ನೀರಿನ ಸಂರಕ್ಷಣೆಯ ಪಾಠ ಇತ್ತು ಟೀಚರ್. ಸ್ಲೈಡಿನಲ್ಲಿ ಸುರಂಗ ಬಂತು. ಇಲ್ಲಿಯವರು ಯಾರಾದರೂ ನೋಡಿದ್ದೀರಾ ಅಂತ ಸರ್ ಕೇಳಿದರು. ನನ್ನ ಮುಖ ನೋಡಿಯೇ ಕೇಳಿದರು. ನಾನು ನೋಡಿಲ್ಲ ಅಂದೆ.”

ಅವನ ಅಪ್ಪ ಮೂವತ್ತು ವರ್ಷ ಸುರಂಗ ತೋಡಿದವರು.

ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯವರಿಗೆ ಸುರಂಗ ಎಂದರೆ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಆದರೂ ಏಪ್ರಿಲ್‌ನಲ್ಲಿ ತೋಟಕ್ಕೆ ನೀರಿಲ್ಲ. ಮುರಕಲ್ಲಿನ, ಅಂದರೆ ತೂತು ತೂತಾದ ಕೆಂಪು ಕಲ್ಲಿನ ಗುಡ್ಡ ಮಳೆನೀರನ್ನು ಹೀರುತ್ತದೆ, ಬೇಗ ಬಿಟ್ಟೂ ಬಿಡುತ್ತದೆ. ಆ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ದಾರಿ ಕೊರೆದು ಒಸರುವ ನೀರನ್ನು ಹೊರಗೆ ತರುವುದೇ ಸುರಂಗ. ಪಂಪು ಬೇಡ, ಕರೆಂಟು ಬೇಡ.

“ನೀರು ಹೊರಗೆ ಹರಿಯುವುದು ಹೇಗೆ?” ಎಂದೆ. ನನಗೆ ಗೊತ್ತಿತ್ತು. ಅವನ ಬಾಯಿಂದ ಬರಲಿ ಎಂದು ಕೇಳಿದೆ.

ಅವನು ಮುಕ್ಕಾಲು ಗಂಟೆ ಮಾತಾಡಿದ. ಒಳಗೆ ಹೋದ ಹಾಗೆ ನೆಲ ತುಸು ಏರಬೇಕು, ಇಲ್ಲದಿದ್ದರೆ ನೀರು ಒಳಗೇ ನಿಲ್ಲುತ್ತದೆ. ಜಾಗ ನೋಡುವಾಗ ಅಪ್ಪ ಹುತ್ತ ನೋಡುತ್ತಾರೆ, ಬೇಸಿಗೆಯಲ್ಲೂ ಹಸಿರಾಗಿರುವ ಮರ ನೋಡುತ್ತಾರೆ. ಮೊಂಬತ್ತಿ ಉರಿಸಿಕೊಂಡೇ ಹೋಗಬೇಕು, ಅದು ನಂದಿದರೆ ಗಾಳಿ ಇಲ್ಲ ಎಂದು ವಾಪಸು ಬರಬೇಕು. ಮೆದು ಮಣ್ಣು ಸಿಕ್ಕಿದರೆ ಕುಸಿಯುವ ಭಯ. ಉದ್ದದ ಲೆಕ್ಕ ಕೋಲು ಎಂಬ ಹಳೇ ಅಳತೆಯಲ್ಲಿ. ಚಿಕ್ಕವನಿದ್ದಾಗ ಇವನು ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿದ್ದನಂತೆ. ಈಗ ಅಪ್ಪನನ್ನು ಯಾರೂ ಕರೆಯುವುದಿಲ್ಲ, ಎಲ್ಲರೂ ಬೋರ್‌ವೆಲ್ ಹಾಕಿಸುತ್ತಾರೆ.

ಇಷ್ಟನ್ನು ಹೇಳುವಾಗ ಅವನು ಒಮ್ಮೆಯೂ ತಡವರಿಸಲಿಲ್ಲ. ಅವನನ್ನು ಕಾಡುತ್ತಿದ್ದದ್ದು ಇಂಗ್ಲಿಷ್ ಮಾತ್ರ ಅಲ್ಲ ಎಂದು ನನಗೆ ಆಗ ಗೊತ್ತಾಯಿತು. “ಆ ದಿನ ಮನೆಗೆ ಹೋದರೆ ಅಪ್ಪ ಊಟಕ್ಕೆ ಕಾದಿದ್ದರು. ಮುಖ ನೋಡಲಿಕ್ಕೆ ಆಗಲಿಲ್ಲ” ಎಂದು ಅತ್ತ.

ನಾನು ಕೊಟ್ಟ ಸಲಹೆ ಇದು. ಟಿ.ಸಿ. ಮಾತು ಪರೀಕ್ಷೆ ಮುಗಿಯುವ ತನಕ ಬೇಡ. ಪ್ರಾಜೆಕ್ಟಿಗೆ ಸುರಂಗವನ್ನೇ ತೆಗೆದುಕೋ. ಮೊದಲ ಕರಡು ಕನ್ನಡದಲ್ಲಿ ಬರಿ, ಇಂಗ್ಲಿಷ್ ಆಮೇಲೆ. ಅಪ್ಪನ ಹತ್ತಿರ ತಪ್ಪೊಪ್ಪಿಗೆ ಬೇಡ. ಪುಸ್ತಕ ಹಿಡಿದು ಪ್ರಶ್ನೆ ಕೇಳು.

ಈ ಕೊನೆಯ ಮಾತನ್ನು ನನ್ನ ಜೊತೆ ಕೆಲಸ ಮಾಡುವವರೊಬ್ಬರು ಒಪ್ಪಲಿಲ್ಲ. ಹೇಳಿಕೊಂಡರೆ ಅಲ್ವಾ ಮನಸ್ಸು ಹಗುರಾಗುವುದು ಎಂದರು. ಹುಡುಗನದು ಹಗುರಾಗುತ್ತಿತ್ತು, ನಿಜ. ಆದರೆ ಅಪ್ಪನಿಗೆ? ಮಗ ತನ್ನ ಕೆಲಸಕ್ಕೆ ನಾಚಿದ ಎಂಬ ಮಾತನ್ನು ಅವರು ಈ ವಯಸ್ಸಿನಲ್ಲಿ ಯಾಕೆ ಹೊರಬೇಕು? ನನ್ನ ನಿಲುವು ಈಗಲೂ ಅದೇ.

ಬಡತನವನ್ನು ಚಂದ ಮಾಡಿ ತೋರಿಸಿದಿರಿ, ಕೆಲಸದ ದಾರಿ ಹೇಳಲಿಲ್ಲ ಎಂದೂ ಅವರು ದೂರಿದರು. ಹೇಳಿದ್ದೆ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಪದವಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನದಂಥ ನಿಗದಿತ ವಿಷಯಗಳಲ್ಲಿ ಒಂದಾದರೂ ಇರಬೇಕು. ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಆಗಬೇಕು. ಆ ಪಟ್ಟಿಯಲ್ಲಿ ಪರಿಸರ ವಿಜ್ಞಾನದ ಹೆಸರಿಲ್ಲ. ಇವನಿಗೆ ಬಿಎಸ್ಸಿಯ ಸಸ್ಯಶಾಸ್ತ್ರ ಸಾಕಾಗುತ್ತದೆ. ಪ್ಲಸ್ ಟು ಮುಗಿಸಿದ ಮಕ್ಕಳ ಮನೆಯವರು ಇದನ್ನು ಈಗಲೇ ನೋಡಿಕೊಳ್ಳಿ. ಮೂರು ವರ್ಷ ಕಳೆದ ಮೇಲೆ ಗೊತ್ತಾಗಿ ಅತ್ತವರನ್ನು ಕಂಡಿದ್ದೇನೆ.

ಎರಡು ತಿಂಗಳ ನಂತರ ಬಂದ. ಒಂದು ಪೇಪರ್ ಪಾಸಾಗದೆ ಉಳಿದಿತ್ತು, ಬೇರೆಲ್ಲ ಪಾಸು. ಕೈಯಲ್ಲಿ ಒಂದು ನೋಟ್‌ಬುಕ್. ಅಪ್ಪ ಒಂದು ಸುರಂಗ ತೋರಿಸಲು ಕರೆದುಕೊಂಡು ಹೋದರಂತೆ. ಬಗ್ಗಲು ಈಗ ಸೊಂಟ ಬಿಡುವುದಿಲ್ಲ ಎಂದು ಬಾಯಲ್ಲೇ ಕೂತು, ಒಳಗೆ ಹೋದ ಮಗನಿಗೆ ಕೂಗಿ ಕೂಗಿ ಹೇಳಿದರಂತೆ.

“ಅಪ್ಪ ಹೇಳುವ ಕೆಲವು ಮಾತಿಗೆ ಇಂಗ್ಲಿಷ್ ಸಿಗುವುದಿಲ್ಲ ಟೀಚರ್. ಹಾಗೇ ಬರೆಯಲಾ?”

“ಹಾಗೇ ಬರಿ. ಕೆಳಗೆ ಅರ್ಥ ಕೊಡು” ಎಂದೆ.