ಹಳೇ ಪೋಲೋ: ಎರಡು ಪೆಡಲ್ಲೋ ಮೂರು ಪೆಡಲ್ಲೋ?

ರಾಮಮೂರ್ತಿನಗರದಿಂದ ಒಬ್ಬ ಓದುಗರು ಬರ್ದಿದಾರೆ: "ಸಾರ್, ಎಂಟು ವರ್ಷ ಒಂದೇ ಹಳೇ ಆಲ್ಟೋ ಓಡ್ಸಿ ಸಾಕಾಗೋಗಿದೆ, ಈಗ ಸೆಕೆಂಡ್ ಹ್ಯಾಂಡಲ್ಲಿ ಫೋಕ್ಸ್‌ವ್ಯಾಗನ್ ಪೋಲೋ ನೋಡ್ತಿದೀನಿ. ಒಂದು 2015ರ ಜಿಟಿ ಟಿಎಸ್‌ಐ, ಡಿಎಸ್‌ಜಿ ಆಟೋಮ್ಯಾಟಿಕ್, 84,000 ಕಿಮೀ. ಇನ್ನೊಂದು 2021ರ 1.0 ಟಿಎಸ್‌ಐ ಮ್ಯಾನ್ಯುಯಲ್, 46,000 ಕಿಮೀ, ರೇಟು ಎರಡೂವರೆ ಲಕ್ಷ ಜಾಸ್ತಿ. ಆಫೀಸು ಬೆಳ್ಳಂದೂರು. ತಿಂಗಳಿಗೊಂದ್ಸಲ ಚಾರ್ಮಾಡಿ ಮೇಲೆ ಉಜಿರೆಗೆ ಹೋಗ್ತೀವಿ. ಹೆಂಡ್ತಿಗೆ ಲೈಸೆನ್ಸ್ ಇದೆ ಆದ್ರೆ ಕ್ಲಚ್ ಅಂದ್ರೆ ಭಯ. ಹಾಟ್ ಹ್ಯಾಚ್ (ಜೋರಾಗಿ ಓಡೋ ಸಣ್ಣ ಕಾರು) ಅಂದ್ರೆ ಮ್ಯಾನ್ಯುಯಲ್ಲೇ, ಆಟೋಮ್ಯಾಟಿಕ್ ತಗೊಂಡ್ರೆ ಅಂಕಲ್ ಆಗೋದೆ ಅಂತ ಫ್ರೆಂಡ್ಸ್ ರೇಗಿಸ್ತಾರೆ. ಯಾವ್ದು ತಗೊಳ್ಲಿ?"

ಮೊದಲು ಆ ಅಂಕಲ್ ವಿಷ್ಯ ಮುಗ್ಸಿಬಿಡೋಣ. ರಾಮಮೂರ್ತಿನಗರದಿಂದ ಟಿನ್ ಫ್ಯಾಕ್ಟರಿ, ಮಹದೇವಪುರ, ಮಾರತಹಳ್ಳಿ ದಾಟ್ಕೊಂಡು ಬೆಳ್ಳಂದೂರಿಗೆ ದಿನಾ ಹೋಗಿ ಬರೋದು ನೀವು, ನಿಮ್ಮ ಫ್ರೆಂಡ್ಸ್ ಅಲ್ಲ. ಎಡ ಮಂಡಿ ನೋವಿಗೆ ಮುಲಾಮು ಹಚ್ಕೊಳ್ಳೋರೂ ನೀವೇ. ನಾನು ಮೂರು ಪೆಡಲ್ ಪಕ್ಷದೋನು, ಇಪ್ಪತ್ತು ವರ್ಷದಿಂದ ಮ್ಯಾನ್ಯುಯಲ್ಲೇ ಓಡಿಸ್ತಿರೋದು, ಅದಕ್ಕೇ ಈ ಮಾತು ನನ್ನ ಬಾಯಲ್ಲಿ ಬಂದ್ರೆ ನಂಬಿ.

ಆದ್ರೆ ನಿಮ್ಮ ಪತ್ರ ಓದಿ ನಂಗೆ ತಲೆ ಕೆಟ್ಟಿದ್ದು ಬೇರೆ ವಿಷ್ಯಕ್ಕೆ. ಆಟೋಮ್ಯಾಟಿಕ್ ಅಂತ ಒಂದೇ ಸಾಮಾನು ಇದೆ ಅನ್ನೋ ಥರ ಬರ್ದಿದೀರಿ. ಒಂದೇ ಪೋಲೋದಲ್ಲಿ, ಒಂದೇ ಜಿಟಿ ಬ್ಯಾಡ್ಜ್ ಕೆಳಗೆ, ನಮ್ಮ ದೇಶದಲ್ಲಿ ಎರಡು ಪೂರಾ ಬೇರೆ ಬೇರೆ ಆಟೋಮ್ಯಾಟಿಕ್ ಬಂದಿವೆ. 2013ರಲ್ಲಿ ಬಂದ ಜಿಟಿ ಟಿಎಸ್‌ಐನಲ್ಲಿ 1.2 ಲೀಟರ್ ನಾಲ್ಕು ಸಿಲಿಂಡರ್ ಟರ್ಬೋ, 105 ಪಿಎಸ್ ಶಕ್ತಿ, 175 ಎನ್‌ಎಂ ಟಾರ್ಕ್ (ಎಳೆಯೋ ಬಲ), ಅದಕ್ಕೆ ಏಳು ಗೇರಿನ ಡಿಎಸ್‌ಜಿ. 2020ರಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಆ ಇಂಜಿನ್ನೂ ಹೋಯ್ತು ಡಿಎಸ್‌ಜಿನೂ ಹೋಯ್ತು, ಮೂರು ಸಿಲಿಂಡರಿನ 1.0 ಟಿಎಸ್‌ಐ ಬಂತು, 110 ಪಿಎಸ್, ಟಾರ್ಕ್ ಅದೇ 175, ಅದಕ್ಕೆ ಆರು ಗೇರಿನ ಮ್ಯಾನ್ಯುಯಲ್ಲು ಇಲ್ಲಾಂದ್ರೆ ಆರು ಗೇರಿನ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್. 2022ಕ್ಕೆ ಚಾಕಣದಲ್ಲಿ ಪೋಲೋ ಮಾಡೋದೇ ನಿಂತೋಯ್ತು. ಹಂಗಾಗಿ ಮಾರ್ಕೆಟ್ಟಲ್ಲಿ ಇರೋದಷ್ಟೇ, ಅದರಲ್ಲೇ ಆರಿಸ್ಬೇಕು.

ಡಿಎಸ್‌ಜಿ ಅಂದ್ರೆ ಒಳಗೆ ಎರಡು ಕ್ಲಚ್ಚು. ಒಂದು 1, 3, 5, 7ಕ್ಕೆ, ಇನ್ನೊಂದು 2, 4, 6, ರಿವರ್ಸಿಗೆ. ನೀವು ಎರಡರಲ್ಲಿ ಹೋಗ್ತಿರೋವಾಗ್ಲೇ ಮೂರು ರೆಡಿಯಾಗಿ ಕೂತಿರತ್ತೆ, ಅದಕ್ಕೇ ಗೇರ್ ಬದಲಾಗಿದ್ದೇ ಗೊತ್ತಾಗಲ್ಲ. ಹೈವೇಲಿ ಎಸ್ (ಸ್ಪೋರ್ಟ್) ಮೋಡಿಗೆ ಹಾಕಿ ಒಂದ್ಸಲ ಓವರ್‌ಟೇಕ್ ಮಾಡಿದ್ರೆ ಸಾಕು, ಮಾರುಹೋಗ್ಬಿಡ್ತೀರಿ ಅದಕ್ಕೆ. ಆದ್ರೆ ಈ ಏಳು ಗೇರಿಂದು, ಡಿಕ್ಯೂ200 ಅಂತಾರೆ, ಡ್ರೈ ಕ್ಲಚ್ಚು. ಎರಡು ಅಂಗೈನ ಒಣಗಿರೋವಾಗ ಜೋರಾಗಿ ಉಜ್ಜಿ ನೋಡಿ, ಆಮೇಲೆ ಎಣ್ಣೆ ಹಚ್ಕೊಂಡು ಉಜ್ಜಿ, ವ್ಯತ್ಯಾಸ ಅಷ್ಟೇ. ಎಣ್ಣೆಲಿ ಮುಳುಗಿರೋ ವೆಟ್ ಕ್ಲಚ್ಚಿಗೆ ಬಿಸಿ ಎಳ್ಕೊಂಡು ಹೋಗೋಕೆ ಎಣ್ಣೆ ಇರತ್ತೆ, ಡ್ರೈಗೆ ಇಲ್ಲ. ಎಣ್ಣೆ ಎಳೆತ ಇರಲ್ಲ ಅಂತ ಮೈಲೇಜ್ ಚೆನ್ನಾಗ್ ಬರತ್ತೆ, 250 ಎನ್‌ಎಂ ಒಳಗಿನ ಸಣ್ಣ ಇಂಜಿನ್‌ಗೆ ಸಾಕು, ಆ ಲೆಕ್ಕದಲ್ಲಿ ಮಾಡಿರೋದು. ಗಂಟೆಗೆ ಐದು ಕಿಲೋಮೀಟರಲ್ಲಿ ಬ್ರೇಕು ಬಿಟ್ಟು ಬಿಟ್ಟು ಹಿಡ್ಕೊಂಡು ಮಾರತಹಳ್ಳಿ ಬ್ರಿಡ್ಜ್ ಕೆಳಗೆ ತೆವಳೋದಿದೆಯಲ್ಲ, ಅಷ್ಟೊತ್ತೂ ಆ ಕ್ಲಚ್ಚು ಅರ್ಧ ಹಿಡಿದು ಅರ್ಧ ಜಾರ್ತಾ ಬೇಯ್ತಿರತ್ತೆ.

ಕ್ಲಚ್ಚಿನ ಜೊತೆಗೆ ಮೆಕಾಟ್ರಾನಿಕ್ ಅಂತ ಇನ್ನೊಂದು ಡಬ್ಬ, ಗೇರು ಕ್ಲಚ್ಚು ಎರಡನ್ನೂ ಆಡ್ಸೋ ಕಂಪ್ಯೂಟರ್ರೂ ಹೈಡ್ರಾಲಿಕ್ಕೂ ಸೇರಿರೋದು. 2013ರ ನವೆಂಬರಲ್ಲಿ ಫೋಕ್ಸ್‌ವ್ಯಾಗನ್ ಪ್ರಪಂಚದಾದ್ಯಂತ ಸುಮಾರು 16 ಲಕ್ಷ ಗಾಡಿ ವಾಪಸ್ ಕರೆದಿದ್ದು ಈ ಗೇರ್‌ಬಾಕ್ಸಿಗೇ, ಬಿಸಿ ಮತ್ತು ತೇವ ಜಾಸ್ತಿ ಇರೋ ಕಡೆ ಸಿಂಥೆಟಿಕ್ ಆಯಿಲಿಂದ ಒಳಗಿನ ಎಲೆಕ್ಟ್ರಿಕಲ್ಸಿಗೆ ತೊಂದ್ರೆ ಬರ್ತಿತ್ತು ಅಂತ ಮಿನರಲ್ ಆಯಿಲ್ ಹಾಕೋಕೆ. ಆಮೇಲಿನ ಗಾಡಿಗಳು ಸುಧಾರಿಸಿದಾವೆ, ನೀವ್ ನೋಡಿರೋ 2015ರದ್ದು ಅದಾದ್ಮೇಲಿಂದು. ಹಂಗಂತ ಮೆಕಾಟ್ರಾನಿಕ್ ಕೈಕೊಟ್ರೆ ಲಕ್ಷ ದಾಟೋ ಮಾತೇ. ಕ್ಲಚ್ ಬದಲ್ಸೋಕೂ ಸ್ಪೆಷಲ್ ಟೂಲ್ಸ್ ಬೇಕು, ಅಳತೆ ನೋಡಿ ಕೂರಿಸ್ಬೇಕು, ಬೀದಿ ಕೊನೇ ಗ್ಯಾರೇಜಲ್ಲಿ ಆಗೋ ಕೆಲ್ಸ ಅಲ್ಲ.

ಇಷ್ಟು ಓದಿ ಡಿಎಸ್‌ಜಿ ಅಂದ್ರೇನೇ ದೂರ ಓಡ್ಬೇಡಿ. 84,000 ಅನ್ನೋದು ಬರೀ ಒಂದು ನಂಬರ್ರು, ಅದು ಎಲ್ಲಿ ಓಡಿದ್ದು ಅನ್ನೋದು ಮುಖ್ಯ. ಹುಬ್ಬಳ್ಳಿ-ಬೆಳಗಾವಿ ಹೈವೇಲಿ ಸರಾಸರಿ 55ರಲ್ಲಿ ಓಡಿದ್ರೆ 84,000 ಕಿಮೀಗೆ 1,500 ಚಿಲ್ಲರೆ ಗಂಟೆ. ಬೆಂಗಳೂರಲ್ಲಿ ಸರಾಸರಿ 18ರಲ್ಲಿ ಓಡಿದ್ರೆ 4,600 ಗಂಟೆಗೂ ಜಾಸ್ತಿ! ಅದೇ ಓಡೋಮೀಟರ್, ಗೇರ್‌ಬಾಕ್ಸಿಗೆ ಮಾತ್ರ ಮೂರು ಪಟ್ಟು ಆಯಸ್ಸು ಹೋಗಿರತ್ತೆ. ಮೀಟರ್ ಡಿಸ್‌ಪ್ಲೇಲಿ ಆವರೇಜ್ ಸ್ಪೀಡ್ ನೋಡಿ, ಮಾರೋರು ರೀಸೆಟ್ ಮಾಡೋದು ಮರೆತಿದ್ರೆ ಅದೇ ಎಲ್ಲಾ ಹೇಳತ್ತೆ.

ಆಮೇಲೆ ಟೆಸ್ಟ್ ಡ್ರೈವಿಗೆ ಭಾನುವಾರ ಬೆಳಗ್ಗೆ ಏಳಕ್ಕೆ ಬನ್ನಿ ಅಂತಾರೆ ನೋಡಿ, ಹೋಗ್ಬೇಡಿ. ಯಾಕೆ ಆ ಟೈಮಿಗೇ ಕರೀತಾರೆ ಅಂತ ಯೋಚ್ನೆ ಮಾಡಿ. ಮಧ್ಯಾಹ್ನ ಬಿಸ್ಲಲ್ಲಿ ಹೋಗಿ, ಅರ್ಧ ಗಂಟೆ ಟ್ರಾಫಿಕ್ಕಲ್ಲಿ ಓಡ್ಸಿ ಗೇರ್‌ಬಾಕ್ಸ್ ಚೆನ್ನಾಗಿ ಬಿಸಿ ಆದ್ಮೇಲೆ ನೋಡಿ, ಒಂದರಿಂದ ಎರಡಕ್ಕೆ ಹೋಗೋವಾಗ ಗಡಗಡ ಅನ್ನತ್ತಾ, ಉಬ್ಬಲ್ಲಿ ರಿವರ್ಸ್ ಹಾಕಿದ್ರೆ ತಡೆದು ತಡೆದು ಹೋಗತ್ತಾ, ಗೇರ್ ಡಿಸ್‌ಪ್ಲೇ ಮಿಣುಕತ್ತಾ. ಇದ್ರೆ ನಮಸ್ಕಾರ ಹೇಳಿ ಬಂದ್ಬಿಡಿ. ಇಲ್ಲಾಂದ್ರೂ ವಿಸಿಡಿಎಸ್ (ಫೋಕ್ಸ್‌ವ್ಯಾಗನ್ ಗಾಡಿಗಳ ಕಂಪ್ಯೂಟರ್ ಓದೋ ಸಾಫ್ಟ್‌ವೇರ್) ಇಟ್ಕೊಂಡಿರೋ ಯಾರನ್ನಾದ್ರೂ ಕರ್ಕೊಂಡ್ ಹೋಗಿ ಸ್ಕ್ಯಾನ್ ಮಾಡ್ಸಿ, ಎರಡೂ ಕ್ಲಚ್ಚಿನ ಅಡಾಪ್ಟೇಶನ್ ನಂಬರ್ಸು (ಸವೆತದ ಅಂದಾಜು ಕೊಡೋವು), ಎಷ್ಟ್ ಸಲ ಅತಿ ಬಿಸಿ ಆಗಿತ್ತು ಅನ್ನೋ ದಾಖಲೆ, ಎರಡೂ ಸಿಗತ್ತೆ. ಜಿಟಿ ಟಿಎಸ್‌ಐ ತಗೊಂಡೋರಲ್ಲಿ ರೀಮ್ಯಾಪ್ (ಇಂಜಿನ್ ಸಾಫ್ಟ್‌ವೇರ್ ತಿದ್ದಿ ಪವರ್ ಏರ್ಸೋದು) ಹುಚ್ಚು ಜಾಸ್ತಿ, ಮಾರೋ ಮುಂಚೆ ಸ್ಟಾಕಿಗೆ ವಾಪಸ್ ತಂದಿರ್ತಾರೆ, ನೇರವಾಗೇ ಕೇಳ್ಬಿಡಿ.

ಈಗ ಮ್ಯಾನ್ಯುಯಲ್ಲು. ಕೆಡೋ ಸಾಮಾನು ಕಮ್ಮಿ, ಕ್ಲಚ್ ಪ್ಲೇಟ್ ಹೋದ್ರೆ ಒಳ್ಳೇ ಮೆಕ್ಯಾನಿಕ್ ಒಂದು ದಿನದಲ್ಲಿ ಹಾಕ್ಕೊಡ್ತಾನೆ. ಆದ್ರೆ ಹಳೇ ಮ್ಯಾನ್ಯುಯಲ್ ಗಾಡಿ ತಗೊಳ್ಳೋದು ಅಂದ್ರೆ ಹಳೇ ಓನರ್‌ನ ಎಡಗಾಲನ್ನೂ ಸೇರ್ಸಿ ತಗೊಂಡಂಗೆ. ನನ್ನದೇ ಕತೆ ಹೇಳ್ತೀನಿ. ವರ್ಷಗಳ ಹಿಂದೆ ಮಳೆಗಾಲದಲ್ಲಿ ಚಾರ್ಮಾಡಿ ಹತ್ತುವಾಗ ಮುಂದೆ ಲಾರಿ ಕೆಟ್ಟು ನಿಂತು ಸಾಲುಗಟ್ಟಿತ್ತು, ಹ್ಯಾಂಡ್‌ಬ್ರೇಕ್ ಎಳೆಯೋಕೆ ಸೋಮಾರಿತನ, ಮುಕ್ಕಾಲು ಗಂಟೆ ಕ್ಲಚ್ಚಲ್ಲೇ ಗಾಡಿ ನಿಲ್ಸಿಕೊಂಡು ಒಂದೊಂದೇ ಅಡಿ ಹತ್ತಿಸ್ದೆ. ಕೊಟ್ಟಿಗೆಹಾರಕ್ಕೆ ಬರೋ ಹೊತ್ತಿಗೆ ಕಾರೊಳಗೆಲ್ಲ ಸುಟ್ಟ ವಾಸ್ನೆ, ಪಕ್ಕದಲ್ಲಿದ್ದ ನಮ್ಮನೆಯವಳು "ಯಾರೋ ಟಯರ್ ಸುಡ್ತಿದಾರೆ" ಅಂದ್ಲು, ನಾನೂ ಹೂಂ ಅಂದೆ. ಆ ಗಾಡಿನ ಮುಂದೆ ಕ್ಲಚ್ ಬದಲಾಯಿಸಿಯೇ ಮಾರಿದೆ ಅನ್ನಿ, ಆದ್ರೆ ಎಲ್ಲರೂ ಬದಲಾಯಿಸಿ ಮಾರಲ್ಲ. ಖಾಲಿ ರೋಡಲ್ಲಿ ನಾಲ್ಕನೇ ಗೇರಲ್ಲಿ 2,000 ಆರ್‌ಪಿಎಮ್ಮಿಂದ ಪೂರ್ತಿ ಒತ್ತಿ, ಟರ್ಬೋ ಎಳೆಯೋಕ್ ಶುರು ಮಾಡಿದಾಗ ಆರ್‌ಪಿಎಮ್ ಮಾತ್ರ ಏರಿ ಸ್ಪೀಡು ಏರದಿದ್ರೆ ಕ್ಲಚ್ ಮುಗಿದಿದೆ. ಪೆಡಲ್ ಪೂರ್ತಿ ಮೇಲೆ ಬಂದ್ಮೇಲೆ ಹಿಡಿಯತ್ತೆ ಅಂದ್ರೂ ಅದೇ ಕತೆ.

ಇನ್ನೊಂದು ಮಾತು ನಿಮ್ಮ ಫ್ರೆಂಡ್ಸ್ ಹೇಳಿರಲ್ಲ. 1.0 ಟಿಎಸ್‌ಐ ಮ್ಯಾನ್ಯುಯಲ್ಲು 1,800 ಆರ್‌ಪಿಎಮ್ ಕೆಳಗೆ ಮಂಕು. ಎರಡನೇ ಗೇರಲ್ಲಿ ತೆವಳ್ತೀನಿ ಅಂದ್ರೆ ಮುಕ್ಕರಿಯತ್ತೆ, ಒಂದಕ್ಕೆ ಹಾಕಿ, ಎರಡಕ್ಕೆ ಹಾಕಿ, ಮತ್ತೆ ಒಂದಕ್ಕೆ, ಇದೇ ಆಗತ್ತೆ ರಿಂಗ್ ರೋಡಲ್ಲಿ. ಘಾಟಿ ತಿರುವಲ್ಲಿ ಎರಡನೇ ಗೇರಲ್ಲಿ ಟರ್ಬೋ ಎಳೀತಿರೋವಾಗ ಮಾತ್ರ ಅದರ ಮಜಾನೇ ಬೇರೆ, ಅದನ್ನ ನಾನು ಇಲ್ಲ ಅನ್ನಲ್ಲ. ಆದ್ರೆ ನಿಮಗೆ ಆ ಮಜಾ ತಿಂಗಳಿಗೆ ಎರಡು ದಿನ, ಹೋಗೋವಾಗೊಂದು ಬರೋವಾಗೊಂದು.

ಹಂಗಾದ್ರೆ ನಾನ್ ಹೇಳೋದು, ಎರಡೂ ಬಿಟ್ಟು ಮೂರನೇದು ಹುಡುಕಿ. 2020ರಿಂದ 22ರ ಒಳಗಿನ 1.0 ಟಿಎಸ್‌ಐ ಟಾರ್ಕ್ ಕನ್ವರ್ಟರ್. ಇದ್ರಲ್ಲಿ ಇಂಜಿನ್ನಿಗೂ ಗೇರಿಗೂ ಮಧ್ಯೆ ಆಯಿಲ್ಲೇ ಶಕ್ತಿ ದಾಟಿಸೋದು, ನಿಂತು ನಿಂತು ತೆವಳಿದ್ರೆ ಸವೆಯೋ ಪ್ಲೇಟೇ ಅಲ್ಲಿಲ್ಲ, ಹೊರಡೋವಾಗ ಟಾರ್ಕ್ ಹೆಚ್ಚಿಸಿ ಕೊಡೋದ್ರಿಂದ ಆ ಕೆಳಗಿನ ಮಂಕೂ ಅಷ್ಟು ಗೊತ್ತಾಗಲ್ಲ. ಡಿಎಸ್‌ಜಿ ಚುರುಕು ಇಲ್ಲ, ಒತ್ತಿದ್ರೆ ಒಂದು ಕ್ಷಣ ಯೋಚ್ನೆ ಮಾಡಿ ಹೋಗತ್ತೆ, ಮೈಲೇಜೂ ಸ್ವಲ್ಪ ಕಮ್ಮಿ. ಚಾರ್ಮಾಡಿ ಇಳಿಯೋವಾಗ ಡಿನಲ್ಲೇ (ಡ್ರೈವ್) ಬಿಟ್ಟು ಬ್ರೇಕ್ ಮೇಲೇ ಕಾಲಿಟ್ಕೊಂಡ್ ಇಳೀಬೇಡಿ, ಲಿವರ್ ಪಕ್ಕಕ್ಕೆ ತಳ್ಳಿ ಎರಡಕ್ಕೋ ಮೂರಕ್ಕೋ ಹಾಕಿ ಇಳೀರಿ. ಮುಖ್ಯ ಅಂದ್ರೆ ಈ ಗಾಡಿನ ನಿಮ್ಮ ಮನೆಯವರೂ ಓಡಿಸ್ತಾರೆ. ಪತ್ರದಲ್ಲಿ ಅವರ ಬಗ್ಗೆ ಒಂದೇ ಸಾಲು ಬರ್ದಿದೀರಿ, ನಂಗೆ ಮಾತ್ರ ಅದೇ ಸಾಲು ಎದ್ದು ಕಾಣ್ತು, ಉಜಿರೆ ದಾರಿಲಿ ಹಾಸನದವರೆಗೆ ಅವರು ಓಡ್ಸಿದ್ರೆ ನಿಮಗೂ ನಿದ್ದೆ.

ಬೇರೆ ಗಾಡಿ ನೋಡೋದಾದ್ರೆ ಹ್ಯುಂಡೈ ಐ20 ಎನ್ ಲೈನ್ ಇದೆ, 120 ಪಿಎಸ್, ಆದ್ರೆ ಅದರ ಏಳು ಗೇರಿನ ಡಿಸಿಟಿ (ಡಿಎಸ್‌ಜಿ ಥರದ್ದೇ, ಎರಡು ಕ್ಲಚ್ಚಿಂದು) ಕೂಡ ಡ್ರೈ ಕ್ಲಚ್ಚೇ, ಮೇಲೆ ಹೇಳಿದ್ದೆಲ್ಲ ಅದಕ್ಕೂ ಅನ್ವಯ. ಐಎಂಟಿ ಅಂತ ಕ್ಲಚ್ ಪೆಡಲ್ ಇಲ್ಲದ, ಗೇರ್ ಮಾತ್ರ ನಾವೇ ಹಾಕೋ ವ್ಯವಸ್ಥೆನೂ 2023ರವರೆಗೆ ಬರ್ತಿತ್ತು, ಭಯ ಇರೋದು ಕ್ಲಚ್ಚಿಗೆ ಮಾತ್ರ ಅಂದ್ರೆ ನಿಮ್ಮವರಿಗೆ ಒಂದ್ಸಲ ಓಡ್ಸೋಕೆ ಕೊಟ್ಟು ನೋಡಿ. ಬಲೆನೋ ಆರ್‌ಎಸ್, ಫಿಯಟ್‌ನ ಅಬಾರ್ಥ್ ಪುಂಟೋ ಮ್ಯಾನ್ಯುಯಲ್ಲೇ. ಅಬಾರ್ಥಿನ 145 ಪಿಎಸ್ ಮೇಲೆ ನಂಗೂ ಕಣ್ಣಿದೆ, ಆದ್ರೆ ಫಿಯಟ್ ಇಲ್ಲಿ ಅಂಗಡಿ ಮುಚ್ಚಿ ವರ್ಷಗಳಾಯ್ತು, ಮೊದಲ ಕಾರು ಬೇರೆ ಇದ್ದು ಇದು ಎರಡನೇದು ಅಂದ್ರೆ ಮಾತ್ರ ಆ ಕಡೆ ತಿರುಗಿ ನೋಡಿ. ಬೇರೆ ರಾಜ್ಯದ ನಂಬರ್ ಇದ್ರೆ ಎನ್‌ಒಸಿ, ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸ್ ಲೆಕ್ಕ ಹಾಕ್ಕೊಂಡೇ ರೇಟ್ ಮಾತಾಡಿ.

ಮೂರು ತಿಂಗಳು ಹುಡುಕಿದ್ರೂ ಟಾರ್ಕ್ ಕನ್ವರ್ಟರ್ ಸಿಗ್ಲಿಲ್ಲ ಅಂದ್ರೆ? ನಿಮ್ಮ ಮನೆಯವರು ಹೂಂ ಅಂದ್ರೆ ಆ 2021ರ ಮ್ಯಾನ್ಯುಯಲ್ಲು. ಇಲ್ಲ ನಂಗೆ ಆ ಡಿಎಸ್‌ಜಿನೇ ಬೇಕು, ಕನಸಲ್ಲೂ ಅದೇ ಬರತ್ತೆ ಅಂದ್ರೆ ಅದಕ್ಕೂ ನಾನು ಬೈಯಲ್ಲ, ರೇಟಲ್ಲಿ ಉಳಿಯೋ ಎರಡೂವರೆ ಲಕ್ಷನ ಬ್ಯಾಂಕಲ್ಲಿ ಗೇರ್‌ಬಾಕ್ಸ್ ಹೆಸರಲ್ಲೇ ಇಟ್ಟುಬಿಡಿ, ಸಿಗ್ನಲ್ಲಲ್ಲಿ ತುಂಬಾ ಹೊತ್ತು ನಿಂತಾಗ ಎನ್‌ಗೆ (ನ್ಯೂಟ್ರಲ್) ಹಾಕಿ, ತೆವಳೋ ಬದ್ಲು ಮುಂದಿನ ಗಾಡಿಗೆ ಸ್ವಲ್ಪ ಜಾಗ ಬಿಟ್ಟು ಒಂದೇ ಸಲ ಹೋಗಿ, ಹಿಂದಿನೋನು ಹಾರ್ನ್ ಹೊಡ್ಕೊಂಡ್ರೆ ಹೊಡ್ಕೊಳ್ಲಿ. ಮತ್ತೆ ಅಡ್ವಾನ್ಸ್ ಕೊಡೋಕ್ ಮುಂಚೆ ಆ ಸ್ಕ್ಯಾನ್ ರಿಪೋರ್ಟಿನ ಫೋಟೋ ನಂಗೆ ಕಳ್ಸಿ.

- ಸಂ.